ಮೂರನೇ ಮಳಿಗೆಯ ಷಟರ್

ಬೆಳಿಗ್ಗೆ ಎಂಟು ಗಂಟೆ. ಚೌಕದ ಕಟ್ಟಡದಲ್ಲಿ ಮೂರನೇ ಮಳಿಗೆಯ ಬೀಗ ತೆರೆಯುತ್ತಿರಲಿಲ್ಲ.

ಶಾಲೆಗೆ ಹೊರಟಿದ್ದ ಹುಡುಗಿ ಎದುರಿನ ಫುಟ್‌ಪಾತಿನಲ್ಲಿ ನಿಂತುಬಿಟ್ಟಳು. ನಿನ್ನೆಯವರೆಗೆ ಅದು ಅವಳ ಅಪ್ಪನ ಬ್ಯಾಗ್ ರಿಪೇರಿ ಅಂಗಡಿ. ಈಗೀಗ ಬ್ಯಾಗ್ ಹರಿದರೆ ಜನ ಹೊಸದನ್ನೇ ಕೊಳ್ಳುತ್ತಾರೆ. ಅಪ್ಪ ಹೊಲಿಗೆ ಮೆಷಿನ್ನನ್ನು ಮನೆಯ ಜಗಲಿಗೆ ಸಾಗಿಸಿದ್ದರು. ಅವರಿಗಿಂತ ಮೊದಲು ಅಲ್ಲಿ ರೇಡಿಯೋ ರಿಪೇರಿಯ ತಾತ ಇದ್ದರು. ಇವತ್ತಿನಿಂದ ಬ್ರೆಡ್ ಅಂಗಡಿ.

ಬ್ರೆಡ್ ಆಂಟಿ ಕೀ ತಿರುಗಿಸುತ್ತಲೇ ಇದ್ದರು. ಮೆಟ್ಟಿಲ ಮೇಲಿದ್ದ ಬನ್ ಟ್ರೇಗಳಿಗೆ ಬಿಸಿಲು ತಾಗತೊಡಗಿತ್ತು.

ಪಕ್ಕದ ಸಲೂನ್ ಅಂಕಲ್ ಬ್ರಶ್ ಹಿಡಿದೇ ಹೊರಬಂದರು. ಹಿಂದೆಯೇ ಅರ್ಧ ಮುಖಕ್ಕೆ ಸೋಪು ಹಚ್ಚಿಸಿಕೊಂಡ ಗಿರಾಕಿ.

“ಹಳೇ ಬೀಗ ಕಣಮ್ಮ, ಮಹಾ ಹಠಮಾರಿ. ಸುತ್ತಿಗೆ ತರ್ಲಾ? ಒಡೆದೇ ಬಿಡೋಣ,” ಎಂದರು ಅಂಕಲ್.

“ಒಡೆದ್ರೆ ರಾತ್ರಿ ಹೇಗಣ್ಣಾ ಅಂಗಡಿ ಬಿಟ್ಟು ಹೋಗ್ಲಿ?”

“ಬನ್ನು ಒಣಗಿದ ಮೇಲೆ ಬೀಗ ಇದ್ದು ಏನ್ಮಾಡ್ತೀರಿ?” ಎಂದ ಗಿರಾಕಿ.

ಷಟರಿನ ಗುಟ್ಟು ಹುಡುಗಿಗೆ ಗೊತ್ತಿತ್ತು. ಕೆಳಗಿನ ಪಟ್ಟಿಯ ಮೇಲೆ ಇನ್ನೊಬ್ಬರು ನಿಂತು ಭಾರ ಹಾಕಿದರೆ ಮಾತ್ರ ಕೀ ತಿರುಗುತ್ತದೆ. ಒಂದನೇ ಕ್ಲಾಸಿನಿಂದ ದಿನಾ ನಿಂತವಳು ಅವಳೇ. “ಹತ್ತಮ್ಮಾ ಮ್ಯಾನೇಜರ್,” ಅನ್ನುತ್ತಿದ್ದರು ಅಪ್ಪ.

ನಿನ್ನೆ ಊಟದ ಹೊತ್ತಿಗೆ ಅಮ್ಮ ಕೇಳಿದ್ದಳು. “ಬೀಗದ ವಿಷಯ ಅವರಿಗೆ ಹೇಳಿದ್ರಾ?”

“ಕೀ ಕೊಟ್ಟಿದೀನಿ. ಉಳಿದದ್ದು ಅವರೇ ಕಲೀಲಿ.” ಅಪ್ಪ ತಟ್ಟೆಯಿಂದ ತಲೆ ಎತ್ತಿರಲಿಲ್ಲ.

ಒಳ್ಳೇದಾಯ್ತು, ತೆಗೆಯದೇ ಇರಲಿ ಎಂದುಕೊಂಡಿದ್ದಳು ಹುಡುಗಿ.

ಸುತ್ತಿಗೆ ಬಂತು. ಮೊದಲ ಏಟಿಗೆ ಷಟರ್ ಉದ್ದಕ್ಕೂ ನಡುಗಿತು. ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಹೊಡೀಬೇಡಿ ಅಂಕಲ್!” ಹುಡುಗಿ ರಸ್ತೆ ದಾಟಿ ಓಡಿಬಂದಳು. ಪಟ್ಟಿಯ ಮೇಲೆ ಎರಡೂ ಕಾಲಿಟ್ಟು ನಿಂತಳು. “ಈಗ ತಿರುಗ್ಸಿ ಆಂಟಿ.”

ಕೀ ಕಟ್ ಎಂದು ತಿರುಗಿತು.

“ನೋಡಿದ್ರಾ, ನಮ್ಮ ಮ್ಯಾನೇಜರ್! ದಿನಾ ಹತ್ತಿ ನಿಲ್ಲೋದು ಆಟ ಅಂದ್ಕೊಂಡಿದ್ದೆ.” ಅಂಕಲ್ ಸುತ್ತಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

ಷಟರ್ ಮೇಲೇರಿತು. ಒಳಗಿನಿಂದ ಅಪ್ಪನ ಅಂಟಿನ ವಾಸನೆ ಬಂತು. ಆಂಟಿ ಒಂದು ಬನ್ ಕೊಡಲು ಬಂದರು. “ಲೇಟಾಯ್ತು,” ಎಂದು ಹುಡುಗಿ ತಿರುಗಿ ನೋಡದೆ ಹೊರಟಳು.

ಸಂಜೆ ಅಪ್ಪ ಜಗಲಿಯಲ್ಲಿ ಯಾರದೋ ಬ್ಯಾಗಿಗೆ ಜಿಪ್ ಹಾಕುತ್ತಿದ್ದರು.

“ಅಪ್ಪಾ, ಬೀಗದ ವಿಷಯ ನಾನು ಹೇಳ್ಬಿಟ್ಟೆ.”

ಮೆಷಿನ್ ನಿಂತಿತು. ಈಗ ಬೈಗುಳ ಬರುತ್ತದೆ ಎಂದು ಅವಳು ಕಾದಳು.

“ನಾಳೆ ಯಾರು ನಿಲ್ತಾರೆ?”

“ಆ ಆಂಟಿ ಒಬ್ರೇ ಅಪ್ಪ.”

ಅಪ್ಪ ಸೂಜಿಯನ್ನೇ ನೋಡುತ್ತ ಕುಳಿತರು. “ನಂಗೆ ರೇಡಿಯೋ ತಾತ ಹೇಳ್ಕೊಟ್ಟಿದ್ದು. ಅಂಗಡಿ ಬಿಟ್ಕೊಟ್ಟ ಮೇಲೂ ಒಂದು ವಾರ ಬಂದು ನಿಂತಿದ್ರು.”

ಮುಚ್ಚಿದ ತಮ್ಮದೇ ಅಂಗಡಿಯ ಪಟ್ಟಿಯ ಮೇಲೆ, ಬೇರೆಯವರು ಕೀ ತಿರುಗಿಸಲೆಂದು, ತಾತ ನಿಂತಿದ್ದಾರೆ. ಹುಡುಗಿಗೆ ಅದು ಕಣ್ಣಿಗೆ ಕಟ್ಟಿದಂತಾಯಿತು. ಅವಳು ಕೆಳಗೆ ಬಿದ್ದಿದ್ದ ದಾರದ ಉಂಡೆ ಎತ್ತಿ ಅಪ್ಪನ ಕೈಗೆ ಕೊಟ್ಟಳು.

ಮರುದಿನ ಎಂಟು ಗಂಟೆಗೆ ಮೂರನೇ ಮಳಿಗೆ ತೆರೆಯಿತು. ಆಂಟಿ ಕೀ ತಿರುಗಿಸಿದರು. ಪಟ್ಟಿಯ ಮೇಲೆ ಅಪ್ಪ ನಿಂತಿದ್ದರು.