ಸಣ್ಣಕ್ಕನ ಗಡಿಕಲ್ಲು

ಗುಂಡಿ ಇತ್ತು. ಕಲ್ಲಿರಲಿಲ್ಲ.

ಗುಂಡಿಯಿಂದ ಮೂವತ್ತು ಹೆಜ್ಜೆ ಆಚೆ ಆ ಗಡಿಕಲ್ಲು ನಿಂತಿತ್ತು. ಸೂರ್ಯ, ಚಂದ್ರ, ಲಿಂಗ ಕೆತ್ತಿದ ಆಳೆತ್ತರದ ಹಳೇ ಕಲ್ಲು. ಬುಡದಲ್ಲಿ ಹೊಸದಾಗಿ ಕೆದಕಿದ ಮಣ್ಣು. ಪಕ್ಕದಲ್ಲೇ ಒಂದು ಹಾರೆ ಬಿದ್ದಿತ್ತು.

"ಫೋಟೋ ತೆಗಿಯಯ್ಯಾ, ತ್ವರಗಾ!" ಎಂದು ತೆಲುಗು ಬೆರೆಸಿ ಅವಸರಪಡಿಸಿದರು ಎಸ್.ಐ. ಓಬುಳಪತಿ.

ನಾನು ಚೆನ್ನಕೇಶವ, ಹಿಂದೂಪುರದಲ್ಲಿ ಸ್ಟುಡಿಯೋ ಇಟ್ಟವನು. ೧೯೮೬ರ ಆ ಬೆಳಿಗ್ಗೆ ಕಲ್ಯಾಣದುರ್ಗಕ್ಕೆ ಮದುವೆ ಫೋಟೋಗೆಂದು ಹೋಗಿದ್ದೆ. ಉಪ್ಪಿಟ್ಟಿನ ಎಲೆ ಮುಂದಿನಿಂದ ಎಬ್ಬಿಸಿ, ಜೀಪಿಗೆ ಹತ್ತಿಸಿಕೊಂಡು, ಕುಂದುರ್ಪಿ ಕಡೆಯ ಈ ಬೀಳು ನೆಲಕ್ಕೆ ತಂದು ಇಳಿಸಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ದೂರು ಕೊಟ್ಟವನು ಕಡಲೇಕಾಯಿ ವ್ಯಾಪಾರಿ ಜಯಣ್ಣ. ಪಕ್ಕದ ಹೊಲವನ್ನು ಹೋದ ವರ್ಷವಷ್ಟೇ ಕೊಂಡವನು.

"ಕಣ್ಣಾರೆ ಕಂಡೆ ಸಾರ್. ನಿನ್ನೆ ಈ ಯಮ್ಮ ಇಬ್ಬರು ಆಳು ಇಟ್ಕೊಂಡು ಕಲ್ಲು ಕಿತ್ತು, ಎಳ್ಕೊಂಡೋಗಿ ಅಲ್ಲಿ ನೆಟ್ಳು. ನಾನು ಓಡಿ ಬರಾ ಹೊತ್ಗೆ ಮುಗಿಸ್ಬುಟ್ಟಿದ್ರು."

ಈ ಯಮ್ಮ ಎಂದರೆ ಸಣ್ಣಕ್ಕ. ಅರವತ್ತು ದಾಟಿದ ಹೆಂಗಸು. ಹಾರೆ ಅವಳದೇ.

"ಕಲ್ಲು ಇದ್ದಲ್ಲೇ ಐತೆ ಕಣಪ್ಪ! ಹಾರೆ ಮೊನ್ನೆಯಿಂದ ಕಾಣ್ತಿರ್ಲಿಲ್ಲ. ಕದ್ದೋನು ಯಾವನೋ, ಅವನ ಕೈ ಸೇದೋಗ!"

ಗುಂಡಿಗೂ ಕಲ್ಲಿಗೂ ನಡುವೆ ಒಂದು ಹಳೇ ಬಾವಿ. ಸಣ್ಣಕ್ಕ ಹೂಳೆತ್ತಿಸಿದ್ದಳು. ಹದಿನೈದು ದಿನದ ಹಿಂದೆ ಸಿಹಿನೀರು ಉಕ್ಕಿತ್ತು. ಗಡಿ ಈಗ ಕಲ್ಲು ನಿಂತಲ್ಲೇ ಇದ್ದರೆ ಬಾವಿ ಅವಳದು. ಗುಂಡಿ ಇದ್ದಲ್ಲಿದ್ದರೆ ಬಾವಿ ಜಯಣ್ಣನದು, ಅವಳಿಗೆ ಜೈಲು.

ಊರವರನ್ನು ಕೇಳಿದೆವು. ಊರ ಕೆರೆ ಒಡೆದು ನಲವತ್ತು ವರ್ಷವಾಯಿತು, ಇಲ್ಲಿ ಕುರಿ ಮೇಯುವುದು ಬಿಟ್ಟರೆ ಏನೂ ಇಲ್ಲ, ಗಡಿ ಯಾರಿಗೆ ನೆನಪು ಎಂದರು. ಸರ್ವೇಯರ್ ಬರುವುದಕ್ಕೆ ಆರು ತಿಂಗಳು ಬೇಕಂತೆ.

* * *

"ಹಿಂದೆಲ್ಲ ಗಡಿಕಲ್ಲಿನ ಕೆಳಗೆ ಇದ್ದಿಲು ಹಾಕ್ತಿದ್ರು," ಎಂದರು ಎಸ್.ಐ. "ಕಲ್ಲು ಹೋದ್ರೂ ಗಡಿ ಗೊತ್ತಾಗ್ಲಿ ಅಂತ. ಎರಡೂ ಕಡೆ ಅಗೀರಿ."

ಕಾನ್‌ಸ್ಟೇಬಲ್ ಅಗೆದ. ಗುಂಡಿಯ ತಳದಲ್ಲಿ ಬೊಗಸೆ ಇದ್ದಿಲು. ಕಲ್ಲಿನ ಕೆಳಗೆ ಒಂದು ಚೂರೂ ಇಲ್ಲ!

"ಅಯಿಪೋಯಿಂದಿ, ಮುಗೀತು. ನಡಿಯಮ್ಮಾ, ಜೀಪು ಹತ್ತು."

ಸಣ್ಣಕ್ಕ ಬಾವಿಯ ಕಟ್ಟೆ ಮೇಲೆ ಗಟ್ಟಿಯಾಗಿ ಕೂತಳು. "ಹೊತ್ಕೊಂಡೋಗ್ರಿ. ನಾನಾಗಿ ಏಳಾಕಿಲ್ಲ."

ನಾನೂ ಅವಳೇ ಕಳ್ಳಿ ಎಂದುಕೊಂಡೆ. ಆದರೆ ಗುಂಡಿಯ ಫೋಟೋ ತೆಗೆಯುವಾಗ ಏನೋ ಚುಚ್ಚಿತು. ಗುಂಡಿಯ ಆಳ ಒಂದೇ ಮೊಳ. ಆಳೆತ್ತರದ ಕಲ್ಲು ಅಷ್ಟರಲ್ಲಿ ನಿಲ್ಲುತ್ತದೆಯೇ?

"ಮಣ್ಣು ಕುಸಿದಿರ್ತದೆ ಬಿಡಯ್ಯಾ," ಎಂದು ಎಸ್.ಐ. ತಳ್ಳಿಹಾಕಿದರು. "ಗುಡ್ಡ ಹತ್ತಿ ಪೂರ್ತಿ ಜಾಗದ್ದು ಒಂದು ತೆಗಿ."

ನಡುಮಧ್ಯಾಹ್ನ ಗುಡ್ಡ ಹತ್ತಿದೆ. ಕೆಳಗೆ ಚಪ್ಪಟೆ ಕೆಂಪು ನೆಲ. ಮತ್ತೇನೂ ಕಾಣಲಿಲ್ಲ. ಬೈದುಕೊಂಡು ಇಳಿದೆ.

* * *

ಪಂಚನಾಮೆ ಬರೆದು ಮುಗಿಸುವಷ್ಟರಲ್ಲಿ ಐದೂವರೆ. ಜಯಣ್ಣ ಸಹಿ ಹಾಕಲು ಬಗ್ಗಿದ. ಪಡುವಣ ಬಿಸಿಲು ಅವನ ಕೆನ್ನೆಗೆ ಪಕ್ಕದಿಂದ ಬಿತ್ತು. ಕೆನ್ನೆ ತುಂಬ ಸಿಡುಬಿನ ಕಲೆ! ಬೆಳಿಗ್ಗೆ ಎದುರು ಬಿಸಿಲಲ್ಲಿ ನುಣ್ಣಗೆ ಕಂಡಿದ್ದ ಮುಖ ಅದು.

ಅಯ್ಯೋ ನನ್ನ ಮಂಗಬುದ್ಧಿಯೇ! ಸ್ಟುಡಿಯೋದಲ್ಲಿ ದಿನಾ ಮಾಡುವ ಕೆಲಸ. ದೀಪ ಎದುರಿಗಿಟ್ಟರೆ ಕಲೆ ಮುಚ್ಚುತ್ತದೆ, ಪಕ್ಕಕ್ಕಿಟ್ಟರೆ ಒಂದೊಂದೂ ಎದ್ದು ನಿಲ್ಲುತ್ತದೆ. ನೆಲವೂ ಹಾಗೇ ಅಲ್ಲವೇ?

ಕ್ಯಾಮೆರಾ ಹಿಡಿದು ಓಡಿದೆ. ಚಪ್ಪಲಿ ಕಿತ್ತುಹೋಯಿತು, ಹೋಗಲಿ. ಗುಡ್ಡದ ತುದಿಗೆ ನಿಂತು ತಿರುಗಿದೆ.

ಬೀಳೆಲ್ಲ ಗದ್ದೆಯಾಗಿತ್ತು!

ಒಡೆದ ಕೆರೆಯ ತೂಬಿನಿಂದ ಕಾಲುವೆಯ ಗೆರೆ ಹೊರಟಿತ್ತು. ಅದರ ಎರಡೂ ಬದಿಗೆ ಒಂದೇ ಅಗಲದ ಗದ್ದೆಗಳು, ಸಾಲಿಗೆ ಸಾಲು. ನೂರಾರು ವರ್ಷದ ಹಿಂದೆ ಕಟ್ಟಿದ ಬದುಗಳು ಸವೆದು ಎರಡು ಬೆರಳೆತ್ತರ ಉಳಿದಿದ್ದವು. ಆ ಎರಡು ಬೆರಳಿಗೆ ಓರೆ ಬಿಸಿಲು ಉದ್ದುದ್ದ ನೆರಳು ಕೊಟ್ಟಿತ್ತು.

"ಸಾರ್! ಬೇಗ ಹತ್ತಿ! ಹೊತ್ತು ಮುಳುಗಿದ್ರೆ ಹೋಯ್ತು!"

ಎಸ್.ಐ. ಏದುಸಿರು ಬಿಡುತ್ತ ಬಂದರು. ಕೆಳಗೆ ನೋಡಿ ಟೋಪಿ ತೆಗೆದರು.

"ಅಮ್ಮೋ! ಇದೇನಯ್ಯಾ ಇದು?"

"ಕಲ್ಲು ಎಲ್ಲಿದೆ ನೋಡಿ."

"ಬದುಗಳು ಸೇರೋ ಮೂಲೆಯಲ್ಲಿ."

"ಗುಂಡಿ?"

ಅವರು ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದರು. "ಗದ್ದೆಯ ನಟ್ಟನಡುವೆ. ಗದ್ದೆ ನಡುವೆ ಯಾವನಯ್ಯಾ ಗಡಿಕಲ್ಲು ನೆಡ್ತಾನೆ?"

* * *

ಇಳಿದು ನೆರಳಿನ ಗೆರೆ ಹಿಡಿದು ಅಗೆಸಿದೆವು. ಗೇಣು ಆಳಕ್ಕೆ ಜೋಡಿಸಿದ ಕಲ್ಲುಗಳ ಸಾಲು. ಅದು ನೇರ ಗಡಿಕಲ್ಲಿನ ಬುಡಕ್ಕೆ ಹೋಗಿ ಅಲ್ಲೇ ಪಕ್ಕಕ್ಕೆ ತಿರುಗಿತ್ತು. ಗುಂಡಿಯ ಸುತ್ತ ಬರೀ ಮಣ್ಣು.

"ಜಯಣ್ಣ," ಎಂದೆ, "ಈ ಕಲ್ಲು ಯಾವತ್ತೂ ಜಾಗ ಬಿಟ್ಟಿಲ್ಲ. ಜಾಗ ಬಿಡದ ಕಲ್ಲನ್ನ ಎಳ್ಕೊಂಡು ಹೋಗಿದ್ದನ್ನ ನೀನು ಕಣ್ಣಾರೆ ಕಂಡಿದ್ದು ಹೆಂಗಪ್ಪ?"

ಜಯಣ್ಣ ಒಂದು ಹೆಜ್ಜೆ ಹಿಂದೆ ಸರಿದ.

ಎಸ್.ಐ.ಗೆ ಬಿಡಿಸಿ ಹೇಳಿದೆ. ಸರಿದದ್ದು ಕಲ್ಲಲ್ಲ, ಇದ್ದಿಲು. ಜಯಣ್ಣ ಸಣ್ಣಕ್ಕನ ಹಾರೆ ಕದ್ದ. ಅವಳ ನೆಲದಲ್ಲಿ ಮೊಳ ಆಳದ ಹೊಸ ಗುಂಡಿ ತೋಡಿದ. ಕಲ್ಲನ್ನು ಓರೆ ಮಾಡಿ ಕೆಳಗಿನ ಇದ್ದಿಲು ಬಳಿದು ಗುಂಡಿಗೆ ಸುರಿದ. ಕಲ್ಲನ್ನು ಮತ್ತೆ ನೆಟ್ಟಗೆ ನಿಲ್ಲಿಸಿದ. ಬುಡದ ಹೊಸ ಮಣ್ಣು, ಪಕ್ಕದ ಹಾರೆ ನೋಡಿದ ಯಾರಾದರೂ ಕಲ್ಲೇ ಸರಿದಿದೆ ಎನ್ನಬೇಕು! ನಾವೂ ಅಂದೆವು. ಆದರೆ ನೆಲದೊಳಗಿನ ಬದುವನ್ನು ಅವನು ಕಂಡಿರಲಿಲ್ಲ, ಹಾಗಾಗಿ ಗುಂಡಿಗೆ ಸರಿಯಾದ ಜಾಗವೂ ಸಿಗಲಿಲ್ಲ.

ಜಯಣ್ಣ ಕುಸಿದು ಕೂತ. "ಮೂರು ಕಡೆ ಬೋರ್ ಕೊರೆಸ್ದೆ ಸಾರ್. ಮೂರರಾಗೂ ಬರೀ ಧೂಳು. ಈ ಯಮ್ಮನ ಬಾವಿಯಾಗೆ ನೀರು ಕಂಡ್ಮೇಲೆ ನಂಗೆ ನಿದ್ದೆ ಬರ್ಲಿಲ್ಲ."

ಎಸ್.ಐ. ಅವನ ರಟ್ಟೆ ಹಿಡಿದು ಎಬ್ಬಿಸಿದರು. ಆಗ ಸಣ್ಣಕ್ಕ ಬಾವಿಕಟ್ಟೆ ಬಿಟ್ಟು ಎದ್ದು ಬಂದಳು. ಹೊಡೆಯುತ್ತಾಳೆ ಎಂದುಕೊಂಡೆ. ಅವಳ ಕಣ್ಣು ತುಂಬಿತ್ತು.

"ಆ ಕೆರೆ ತೂಬು ಎತ್ತಿ ಊರಿಗೆಲ್ಲ ನೀರು ಬಿಡ್ತಿದ್ದ ಮನೆ ಕಣ್ಲಾ ನಮ್ದು. ಆ ಕೆಲ್ಸಕ್ಕೇ ಈ ಗದ್ದೆ ಕೊಟ್ಟಿದ್ರು. ಒಂದು ಮಾತು ಕೇಳಿದ್ರೆ ನಿಂಗೂ ನೀರು ಬಿಡ್ತಿರ್ಲಿಲ್ವಾ?"

ಜಯಣ್ಣ ತಾನೇ ಹೋಗಿ ಜೀಪು ಹತ್ತಿದ.