ಹೊಸ ಕ್ಲಚ್ಚಿನ ಕೆಂಪು ಕಾರು

"ಬಂದ್ ಮಾಡ್ರಿ ಗಾಡಿ! ಇನ್ನೊಮ್ಮೆ ಎಕ್ಸಿಲೇಟರ್ ತುಳದ್ರ ಗಾಡಿ ಮುಂದ ಹೋಗೂದಿಲ್ಲ, ಕ್ಲಚ್ ಪೂರಾ ಹೋಗತೈತಿ!"

ಬಾನೆಟ್ ಮೇಲೆ ಪಟಾರನೆ ಏಟು ಬಿತ್ತು. ಎರಡೇ ಸೀಟಿನ ಆ ಕೆಂಪು ಸ್ಪೋರ್ಟ್ಸ್ ಕಾರಿನೊಳಗೆ ಕೂತಿದ್ದ ವಿಕ್ರಾಂತ ಬೆಚ್ಚಿ ತಲೆ ಎತ್ತಿದ. ಐಗಳಿಯ ದ್ರಾಕ್ಷಿ ತೋಟದ ಭೀಮಗೊಂಡ ಪಾಟೀಲರ ಮಗ ಆತ. ಅವನ ಕಾರಿನ ಮೇಲೆ ಕೈ ಮಾಡುವ ಧೈರ್ಯ ಯಾರಿಗಿತ್ತು? ನೋಡಿದರೆ, ಚೂಡಿದಾರದ ಮೇಲೆ ಗ್ರೀಸ್ ಹತ್ತಿದ ಅಂಗಿ ತೊಟ್ಟ ಹುಡುಗಿ!

"ಮಿಸ್ತ್ರಿ ಎಲ್ಲದಾರ?"

"ಅಪ್ಪಾರ ಕಣ್ಣು ಮಂದ ಆಗ್ಯಾವ್ರಿ. ಈಗ ಕೆಲಸಾ ಎಲ್ಲಾ ನಂದ. ಇಳೀರಿ ಕೆಳಗ."

ನಿಪ್ಪಾಣಿ ಹೈವೇ ಪಕ್ಕದ ಗ್ಯಾರೇಜಿನ ಮುರಗೆಪ್ಪ ಮಿಸ್ತ್ರಿಯ ಮಗಳು ನೀಲಮ ಜೋರು ಮಾಡಿದಳೇನೋ ಹೌದು. ಆದರೆ ಅವಳ ಎದೆ ಡವಡವ ಎನ್ನುತ್ತಿತ್ತು. ಸಿಟ್ಟಿಗೋ, ಅವನು ನೋಡಿದ ರೀತಿಗೋ... ಅವಳಿಗೇ ತಿಳಿಯಲಿಲ್ಲ.

ಕಂಪನಿಯ ಕ್ಲಚ್ ವಿದೇಶದಿಂದ ಬರಬೇಕು, ತಿಂಗಳುಗಟ್ಟಲೆ ಕಾಯಬೇಕು. ವಿಕ್ರಾಂತನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಪುಣೆಯಿಂದ ಬೇರೆ ಕಂಪನಿಯ ಗಟ್ಟಿ ಕ್ಲಚ್ ತರಿಸಿದ. ನೀಲಮ ಹಾಕಿದಳು. ಹಾಕಿದ್ದೇ ತಡ, ಗಾಡಿ ಹೊರಡುವಾಗ ಗಡಗಡ ನಡುಗತೊಡಗಿತು! ಮತ್ತೆ ಎಲ್ಲ ಬಿಚ್ಚಿದಳು. ಕ್ಲಚ್ ಪ್ಲೇಟ್ ಒತ್ತಿ ಕೂರುವ ಫ್ಲೈವೀಲಿನ ಮುಖ ಉಬ್ಬುತಗ್ಗಾಗಿತ್ತು. ಲೇತಿನಲ್ಲಿ ಅದನ್ನು ಸಮ ಮಾಡಿಸಿ ಕೂರಿಸಿದ ಮೇಲೆ ನಡುಕ ನಿಂತಿತು.

"ಹೊಸಾ ಪ್ಲೇಟ್ ಐತ್ರಿ. ಸ್ವಲ್ಪ ದಿನ ಊರೊಳಗ ಮೆತ್ತಗ ಓಡಿಸಿ ಹದಕ್ಕ ತರಬೇಕು. ಜಿಗಿಸಬ್ಯಾಡ್ರಿ. ಅರ್ಧ ಕ್ಲಚ್ ಒತ್ತಿ ತೆವಳಸಬ್ಯಾಡ್ರಿ, ಸುಟ್ಟ ಹೋಗತೈತಿ."

"ನಂಗ ತಿಳಿಯೂದಿಲ್ರಿ. ನೀವ ನನ್ನ ಜೋಡಿ ಬಂದು ಕಲಿಸ್ರಿ."

ಕಳ್ಳ! ತಿಳಿಯದೆ ಏನು? ಆದರೂ ನೀಲಮ ಹೋದಳು. ನಿಪ್ಪಾಣಿಯ ಗಲ್ಲಿ, ಚಿಕ್ಕೋಡಿಯ ಬಜಾರು ಎಲ್ಲ ಸುತ್ತಿದ್ದಾಯಿತು. ಗೇರು ಬದಲಿಸುವಾಗ ಕೈಗೆ ಕೈ ತಾಕುತ್ತಿತ್ತು, ಯಾರೂ ಕೈ ಹಿಂದೆಗೆಯುತ್ತಿರಲಿಲ್ಲ. ಒಂದು ಸಂಜೆ ಜುಗೂಳದ ಹೊಳೆ ದಂಡೆಯಲ್ಲಿ ಕಾರು ನಿಲ್ಲಿಸಿ ಅವನೇ ಹೇಳಿದ:

"ಮನ್ಯಾಗ ನಮ್ಮ ಲಗ್ನದ ಮಾತ ತೆಗೀತೇನಿ ನೀಲಾ. ನನ್ನ ಮ್ಯಾಲ ಭರೋಸಾ ಇಡು."

ಇಟ್ಟಳು. ಪಾಪ, ಪೂರ್ತಿ ಇಟ್ಟುಬಿಟ್ಟಳು!

ಮುಂದಿನ ವಾರವೇ ಆ ಕಾರು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು. ಜೊತೆಗೆ ಕೆಂಡದಂಥ ಮುಖ ಹೊತ್ತು ಭೀಮಗೊಂಡ ಪಾಟೀಲರು.

"ಮುರಗೆಪ್ಪಾ, ಹೊಸಾ ಕ್ಲಚ್ ಸುಟ್ಟ ಕರಕಲಾಗೈತಿ! ಹುಡಿಗ್ಯಾರ ಕೈಯಾಗ ಪಾನಾ-ಸ್ಪ್ಯಾನರ್ ಕೊಟ್ರ ಹಿಂಗ ಆಗೂದು!"

ಎದುರಿನ ಚಹಾದಂಗಡಿಯಲ್ಲಿದ್ದವರೆಲ್ಲ ಎದ್ದು ಬಂದರು. ಗ್ಯಾರೇಜಿನ ದೊಡ್ಡ ಗಿರಾಕಿ, ಕಬ್ಬಿನ ಲಾರಿಗಳ ಮಾಲೀಕ ಧನಪಾಲ ಸಾಹುಕಾರರೂ ಅವರಲ್ಲಿದ್ದರು. ನೀಲಮ ಪಾಟೀಲರ ಹಿಂದೆ ನಿಂತಿದ್ದ ವಿಕ್ರಾಂತನತ್ತ ತಿರುಗಿದಳು.

"ನೀವ ಹೇಳ್ರಿ... ಏನ ಮಾಡೀರಿ ಗಾಡಿಗೆ?"

ಅವನು ತಂದೆಯ ಮುಖ ನೋಡಿದ. ಆಮೇಲೆ ನೆಲ ನೋಡಿದ.

"ಏನೂ ಇಲ್ಲ. ನೀ ಹೇಳಿದಂಗ ಮೆತ್ತಗ ಓಡಸೀನಿ."

ಎಲ್ಲರೂ ಹೋದ ಮೇಲೆ ಅವಳು ಒಬ್ಬಳೇ ಕಾರು ಬಿಚ್ಚಿದಳು. ಫ್ಲೈವೀಲಿನ ತುಂಬ ನೀಲಿ ಕಲೆ. ಗಂಟೆಗಟ್ಟಲೆ ಅರ್ಧ ಕ್ಲಚ್ಚಿನಲ್ಲಿ ತೆವಳಿದರೆ ಮಾತ್ರ ಉಕ್ಕು ಹೀಗೆ ಕಾಯುತ್ತದೆ. ವೈಪರಿನ ಸಂದಿಯಲ್ಲಿ ಅಕ್ಕಿಕಾಳು, ಬಾಡಿದ ಗುಲಾಬಿ ಎಸಳು...

ವರಾತ! ಮುಂದೆ ಬ್ಯಾಂಡು, ಕುಣಿಯುವ ಬಳಗ, ಹಿಂದೆ ಹೂವಿನ ಕಾರು ಇರುವೆಯಂತೆ ತೆವಳುವ ಮದುವೆಯ ಮೆರವಣಿಗೆ. ಈ ಕಾರಿಗೆ ಇರುವುದೇ ಎರಡು ಸೀಟು. ಓಡಿಸಿದವನು ವಿಕ್ರಾಂತ... ಹಾಗಾದರೆ ಪಕ್ಕದಲ್ಲಿ ಕೂತವಳು?

'ಲಗ್ನಾ ಮಾಡ್ಕೊಂಡ್ರು! ನನಗ ಗೊತ್ತಾಗಬಾರದಂತ ಸುಳ್ಳ ಹೇಳಿದ್ರು!'

ಅಳುತ್ತಲೇ ಫೋನಿನಿಂದ ಅವನ ನಂಬರು ಅಳಿಸಿದಳು. ಧನಪಾಲರ ಲಾರಿಗಳು ಬೇರೆ ಗ್ಯಾರೇಜಿಗೆ ಹೋದವು, ಉಳಿದವರೂ ಅವರ ಹಿಂದೆ ಹೋದರು. ಕೊನೆಗೆ ಅಪ್ಪನೇ ಅವಳ ಕೈಯಿಂದ ಪಾನಾ ತೆಗೆದುಕೊಂಡ. "ಸಾಕವ್ವಾ... ಮನೀಗೆ ನಡಿ," ಎಂದ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ತನ್ನ ಸಾಮಾನು ಒಯ್ಯಲೆಂದು ಗ್ಯಾರೇಜಿಗೆ ಬಂದಾಗ ವಿಕ್ರಾಂತ ಬಾಗಿಲಲ್ಲಿ ನಿಂತಿದ್ದ.

"ಹೆಂಡ್ತೀನ ಬಿಟ್ಟ ಬಂದೀರೇನ್ರಿ? ಗಾಡ್ಯಾಗ ವರಾತದ ಅಕ್ಕಿಕಾಳ ಸಿಕ್ಕಾವ."

"ಯಾವ ಹೆಂಡ್ತಿ? ಅಥಣ್ಯಾಗ ನಮ್ಮ ಕಾಕಾನ ಮಗಾ ಕುನಾಲನ ವರಾತ ಇತ್ತು. ಅವನೇ ಮದುಮಗಾ, ನನ್ನ ಪಕ್ಕದಾಗ ಒಬ್ಬನೇ ಕುಂತಿದ್ದ. ನಾ ಬರೇ ಡ್ರೈವರ್! ಕೆಂಪ ಗಾಡೀನ ಬೇಕಂತ ಅಪ್ಪಾ ಹಟಾ ಹಿಡದ."

ಒಂದು ಕ್ಷಣ ಅವಳ ಜೀವ ಹಗುರಾಯಿತು. ಮರುಕ್ಷಣವೇ ಮೊದಲಿಗಿಂತ ಕೆಟ್ಟದಾಗಿ ಉರಿಯಿತು. ಮುಚ್ಚಿಡಲು ಮದುವೆಯ ಗುಟ್ಟೂ ಇರಲಿಲ್ಲ. ಅಂದರೆ ಸುಮ್ಮನೆ ತನ್ನನ್ನು ಬಲಿ ಕೊಟ್ಟಿದ್ದ!

"ಮತ್ತ ಅವತ್ತ ಯಾಕ ಹೇಳಲಿಲ್ರಿ?"

"ಎಲ್ಲಾರ ಮುಂದ ಅಪ್ಪಂದ ತಪ್ಪು ಅಂದ್ರ, ಆಮ್ಯಾಲ ನಮ್ಮ ಲಗ್ನಕ್ಕ ಒಪ್ಪೂದಿಲ್ಲ ಅಂತ ಅಂಜಿದೆ ನೀಲಾ..."

"ಲಗ್ನಕ್ಕ ಒಪ್ಲಿ ಅಂತ ನನ್ನ ಅನ್ನಾ ಕಸಗೊಂಡ್ರಿ? ನನಗ ಹೇಳಿ ಏನ ಉಪಯೋಗ? ಅವತ್ತ ಕೇಳಿದವರು ಅಲ್ಲೇ ಕುಂತಾರ. ಅವರಿಗೆ ಹೇಳ್ರಿ!"

ಅವನು ಚಹಾದಂಗಡಿಯತ್ತ ತಿರುಗಿದ. ಆಮೇಲೆ ರಸ್ತೆ ದಾಟಿದ. ಚಹಾದಂಗಡಿಯ ಮುಂದೆ ಅವನ ದನಿ ಗಟ್ಟಿಯಾಗಿಯೇ ಕೇಳಿಸಿತು.

"ಕ್ಲಚ್ ಸುಟ್ಟಾಂವ ನಾನು! ಬ್ಯಾಡ ಅಂದ್ರೂ ವರಾತದಾಗ ತೆವಳಸೀನಿ. ನೀಲಮನ ಕೆಲಸಾ ಚೊಕ್ಕ ಇತ್ತು. ಸುಳ್ಳ ಹೇಳಿದಾಂವ ನಾನು!"

ಯಾರೋ ನಕ್ಕರು. ಧನಪಾಲರು ಚಹಾದ ಬಸಿ ಕೆಳಗಿಟ್ಟರು.

"ಆತ ಬಿಡೋ ತಮ್ಮಾ. ಆದ್ರ ನನ್ನ ಗಾಡಿಗೋಳ ಈಗ ಬ್ಯಾರೆ ಕಡೆ ಕೊಟ್ಟೀನಿ. ಮತ್ತ ತರಾಕ ಆಗೂದಿಲ್ಲ."

ಅಷ್ಟೇ. ಕೆಟ್ಟ ಹೆಸರು ಒಂದೇ ದಿನದಲ್ಲಿ ಬಂದಿತ್ತು, ಹೋಗುವುದಕ್ಕೆ ಅದಕ್ಕೇನೂ ಅವಸರವಿರಲಿಲ್ಲ. ಸುದ್ದಿ ಮಾತ್ರ ಕಾರಿಗಿಂತ ಜೋರಾಗಿ ಐಗಳಿ ಮುಟ್ಟಿತು. ವಿಕ್ರಾಂತ ರಸ್ತೆ ದಾಟಿ ವಾಪಸು ಬರುವಷ್ಟರಲ್ಲಿ ಅವನ ಫೋನಿಗೆ ಕರೆ ಬಂದು ಮುಗಿದಿತ್ತು.

"ಮನೀಗೆ ಬರಬ್ಯಾಡ ಅಂದ ಅಪ್ಪಾ."

ನೀಲಮಳಿಗೆ ಓಡಿ ಹೋಗಿ ಅಪ್ಪಿಕೊಳ್ಳಬೇಕೆನಿಸಿತು, ಕೆನ್ನೆಗೊಂದು ಬಾರಿಸಬೇಕೆಂದೂ ಅನಿಸಿತು.

"ಇನ್ನಾ ಪ್ರೀತಿ ಐತೇನ ನೀಲಾ?"

"ಐತ್ರಿ. ಇಲ್ಲದಿದ್ರ ಇಷ್ಟ ಯಾಕ ಉರೀತಿತ್ತು?"

"ಲಗ್ನಾ?"

"ಆಗೂನು. ಆದ್ರ ಕಣ್ಣ ಮುಚ್ಚಿ ನಂಬೂದು ಇನ್ನ ನನ್ನ ಕೈಲೆ ಆಗೂದಿಲ್ರಿ. ಎಲ್ಲಾದಕ್ಕೂ ಕೇಳತೇನಿ. ನಾಲ್ಕ ಮಂದಿ ಮುಂದನ ಕೇಳತೇನಿ."

"ಕೇಳು. ಅಲ್ಲೇ ಹೇಳತೇನಿ."

ಅವನು ಕೈ ಚಾಚಿದ. ನೀಲಮ ಬಹಳ ಹೊತ್ತು ನೋಡಿ ಅದನ್ನು ಹಿಡಿದಳು... ನಗಲಿಲ್ಲ, ಬಿಡಲೂ ಇಲ್ಲ.