ಇಳಿತದಲ್ಲಿ ಕಂಡ ನೆಲ

"ನನ್ನ ನಕ್ಷೆಗೆ ಕೈ ಹಾಕೋಕೆ ನೀವ್ಯಾರ್ರೀ?"

ರಾಮಕೃಷ್ಣನಗರದ ಆ ಪುಟ್ಟ ಕಚೇರಿಗೆ ಕಾಲಿಟ್ಟ ಮಧುಶ್ರೀಯ ಮೊದಲ ಮಾತೇ ಅದು! ಶಿವಕಿರಣ್ ಪೆನ್ಸಿಲ್ ಹಿಡಿದೇ ಎದ್ದು ನಿಂತ.

ವರ್ಷದಿಂದ ಇಬ್ಬರದೂ ಒಂದೇ ಕೆಲಸ; ಮುಖ ನೋಡಿದ್ದು ಮಾತ್ರ ಇವತ್ತೇ. ಕರಾವಳಿಯ ಅಳಿವೆಯೊಂದರಲ್ಲಿ ನಾಶವಾದ, ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಕಾಡನ್ನು ಮತ್ತೆ ಬೆಳೆಸಬೇಕಿತ್ತು. ಅಲ್ಲಿನ ಜನರ ಜೊತೆ ಕೂತು, ಯಾವ ಜಾಗ ಯಾರದೆಂದು ಕೇಳಿ ಗುರುತು ಹಾಕುವವಳು ಅವಳು. ಅದರಂತೆ ಸಸಿ ನೆಡುವ ವಿನ್ಯಾಸ ಮೈಸೂರಲ್ಲಿ ಕೂತ ಅವನದು. ಎಸ್‌ಟಿಡಿ ಬೂತಿನ ಫೋನಲ್ಲಿ ಕೇಳುತ್ತಿದ್ದ ಆ ದನಿಯನ್ನು ಎಷ್ಟು ನಂಬಿದ್ದಳು!

ಈಗ ನೋಡಿದರೆ, ಅವನ ವಿನ್ಯಾಸದಲ್ಲಿ ನೀರಂಚಿನ ದೊಡ್ಡ ತುಂಡಿಗೆ ಸಸಿಯೇ ಇಲ್ಲ.

"ಯಾರದ್ದೂ ಅಲ್ಲ ಅಂತ ಹೆಂಗಸರೇ ತೋರಿಸಿದ ಜಾಗ ಕಣ್ರೀ! ಯಾರನ್ನ ಮೆಚ್ಚಿಸೋಕೆ ಅಳಿಸಿದ್ರಿ? ಆ ಜಾಗ ಬೇಕೂಂತಿರೋ ಸೀಗಡಿ ಹೊಂಡದವರನ್ನಾ?"

"ಆ ಹೆಂಗಸರನ್ನ ಯಾವಾಗ ಕೇಳಿದ್ರಿ?"

"ಉಬ್ಬರದಲ್ಲಿ. ಆಗ ತಾನೇ ಅವರಿಗೆ ಬಿಡುವು?"

"ಇಳಿತದಲ್ಲಿ?"

"ಚಿಪ್ಪುಮೀನು ಆರಿಸೋಕೆ ಹೋಗ್ತಾರೆ. ನಾನು ಪಕ್ಕದೂರಿಗೆ..."

"ಆರಿಸೋಕೆ ಎಲ್ಲಿಗೆ ಹೋಗ್ತಾರೆ?"

ಉಕ್ಕುತ್ತಿದ್ದ ಸಿಟ್ಟು, ಹಾಲಿಗೆ ನೀರು ಚಿಮುಕಿಸಿದಂತೆ ಇಳಿಯಿತು. ಅಯ್ಯೋ... ನೀರು ಇಳಿದಾಗ ಏಳುವ ಅದೇ ಕೆಸರಿಗೆ! ಎಲ್ಲರದ್ದೂ ಆದ್ದರಿಂದ ಅದು ಯಾರದ್ದೂ ಅಲ್ಲ; ಅಲ್ಲಿ ಸಸಿ ನೆಟ್ಟರೆ ಅವರ ಅನ್ನವೇ ಮುಚ್ಚಿಹೋಗುತ್ತಿತ್ತು. ಒಡೆಯನಿಲ್ಲದ ನೆಲವೆಂದರೆ ಪಾಳು ಎಂದುಕೊಂಡಳಲ್ಲ, ಹೊಲದ ಬದು ನೋಡಿ ಬೆಳೆದವಳು!

"ನಿಮಗೆ ಹೆಂಗೆ ಗೊತ್ತಾಯ್ತು?"

"ಹೋಗಿದ್ದೆ. ನೀವಿರಲಿಲ್ಲ."

"ಒಂದು ಮಾತು ಹೇಳಬಾರದಿತ್ತಾ?"

ಅವನು ನಕ್ಷೆಯನ್ನು ಸುರುಳಿ ಸುತ್ತತೊಡಗಿದ.

ಅಷ್ಟರಲ್ಲಿ ಕಚೇರಿಯ ಮುಖ್ಯಸ್ಥ ರುದ್ರಸ್ವಾಮಿ ಒಳಕೋಣೆಯಿಂದ ಇಣುಕಿದರು. "ಜಗಳ ಮುಗೀತೇನ್ರಪ್ಪಾ? ಯಾವ ನಕ್ಷೆ ಸರಿ ಅಂತ ದುಡ್ಡು ಕೊಡೋ ಸಮಿತಿಯೋರು ಒಳಗೆ ಕೂತು ಕೇಳ್ತಾವ್ರೆ. ನಾಳೆ ಸಸಿ ಲಾರಿ ಹೊರಡಬೇಕು."

"ಇವರದು, ಸಾರ್. ತಪ್ಪು ನನ್ನದು. ನಾನೇ ಹೇಳ್ತೀನಿ."

"ಯೋಚನೆ ಮಾಡಮ್ಮ. ನಿನ್ನನ್ನೇ ತೆಗೆದುಬುಟ್ರೆ?"

ಮಧುಶ್ರೀ ಎರಡೂ ನಕ್ಷೆ ಎತ್ತಿಕೊಂಡಳು. ಒಳಗೆ ನಡೆದಳು. ಬಾಗಿಲು ಮುಚ್ಚಿತು. ಹೊರಗೆ ಶಿವಕಿರಣ್ ಕೂರಲೂ ಆರದೆ, ನಿಲ್ಲಲೂ ಆರದೆ...

ಬಹಳ ಹೊತ್ತಿನ ಮೇಲೆ ಅವಳು ಬಂದಳು. ಕಣ್ಣು ಕೆಂಪಾಗಿತ್ತು.

"ಲಾರಿ ನಿಲ್ಲಿಸಿದ್ರು. ಇಳಿತದಲ್ಲಿ ನಿಂತು ಮತ್ತೆ ಕೇಳ್ಕೊಂಡು ಬಾ ಅಂದ್ರು."

ಅವನು ಕೊನೆಗೂ ಕೂತ.

"ಈಗ ಹೇಳಿ. ಹೋಗಿದ್ದನ್ನ ಯಾಕೆ ಮುಚ್ಚಿಟ್ರಿ?"

"ಹೋಗಿದ್ದೆ ಅಂದ್ರೆ... ಯಾಕೆ ಹೋಗಿದ್ದೆ ಅಂತಾನೂ ಹೇಳ್ಬೇಕಲ್ಲ."

"ಯಾಕೆ ಹೋಗಿದ್ರಿ?"

"ನಿಮ್ಮನ್ನ ನೋಡೋಕೆ."

ಅವಳು ನಕ್ಷೆಯನ್ನು ಅವನ ಕೈಗಿತ್ತಳು.

"ಈ ಸಲ ನಾನು ಅಲ್ಲೇ ಇರ್ತೀನಿ," ಎಂದಳು. "ಬನ್ನಿ."

"ಕರೀತಿದ್ದೀರಾ?"

"ಕೆಲಸಕ್ಕೆ ಕಣ್ರೀ!"

ಅವನು ಪೆಚ್ಚಾದ. ಅವಳಿಗೆ ನಗು ತಡೆಯಲಾಗಲಿಲ್ಲ.

"...ಕೆಲಸಕ್ಕೂ."